ನಿವೃತ್ತನ ವ್ಯಸನಗಳು

ಸಂಸ್ಕೃತದಲ್ಲಿ ‘ವ್ಯಸನ’ವೆಂಬ ಮಾತಿಗೆ ವಿಪತ್ತು ಎಂಬುದೊಂದು ಅರ್ಥ, ಬಿಡಲಾಗದ ಆಸಕ್ತಿ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಮಾತಿನಲ್ಲಿ ಕೂಡಿಸಿಟ್ಟ ಹಿರಿಯರು ಲೋಕವನ್ನು ಚೆನ್ನಾಗಿ ಬಲ್ಲವರೇ ಸರಿ. ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ, ರಾಜನಾದವನು ಬಿಡತಕ್ಕ ಕಾಮಜ ವ್ಯಸನಗಳು ಹತ್ತೆಂದು ಎಣಿಸಿದೆ. ಬೇಟೆ, ಜೂಜು, ಮದ್ಯ ಮೊದಲಾದುವುಗಳ ಸಾಲಿನಲ್ಲಿ ಹಗಲು ನಿದ್ರೆಯೂ, ವೃಥಾಟನವೂ, ಎಂದರೆ ಕೆಲಸವಿಲ್ಲದೆ ತಿರುಗುವುದೂ ಸೇರಿವೆ. ಪಿಂಚಣಿ ಪಡೆಯುವ ನಮ್ಮಂಥವರಿಗೆ ರಾಜ್ಯವಿಲ್ಲ; ಆದರೂ ಈ ಎರಡು ವ್ಯಸನಗಳು ಮಾತ್ರ ಕರೆಯದೆಯೇ ಬಂದು ಮನೆ ಸೇರುತ್ತವೆ.

ಇವುಗಳಿಂದ ತಪ್ಪಿಸಿಕೊಳ್ಳುವುದಕ್ಕೆಂದೇ ನಾನು ಬೇರೆ ಎರಡನ್ನು ಹಿಡಿದಿದ್ದೇನೆ. ಒಂದು, ಎಲ್ಲವನ್ನೂ ಕೈಯಿಂದಲೇ ಹೊಂದಿಸಬೇಕಾದ ಹಳೆಯ ಕ್ಯಾಮರಾ. ಇನ್ನೊಂದು, ನೆರೆಮನೆಯ ಸ್ನೇಹಿತರ ಹಳೆಯ ಮೋಟಾರು ಕಾರು. “ಈ ವಯಸ್ಸಿನಲ್ಲಿ ಇದೇಕೆ?” ಎಂದು ಕೇಳುವವರುಂಟು. ಪ್ರಶ್ನೆ ಅನುಚಿತವಾದುದಲ್ಲ. ಗೃಹಸ್ಥನಾದವನು ತನ್ನ ಹಣಕ್ಕೂ ಹೊತ್ತಿಗೂ ಲೆಕ್ಕ ಹೇಳಬೇಕಾದದ್ದು ನ್ಯಾಯವೇ ಆಗಿದೆ.

ಮೊದಲು ಕ್ಯಾಮರಾದ ಮಾತು. ‘ಛಾಯಾ’ ಶಬ್ದಕ್ಕೆ ಅಮರಸಿಂಹನು ತನ್ನ ಕೋಶದಲ್ಲಿ ನಾಲ್ಕು ಅರ್ಥಗಳನ್ನು ಕೊಟ್ಟಿದ್ದಾನೆ: ಸೂರ್ಯನ ಪತ್ನಿ, ಕಾಂತಿ, ಪ್ರತಿಬಿಂಬ, ನೆರಳು. ಪುರಾಣದಲ್ಲಿ ಸಂಜ್ಞಾದೇವಿಯು ಸೂರ್ಯನ ತಾಪವನ್ನು ತಾಳಲಾರದೆ, ತನ್ನಂತೆಯೇ ಇದ್ದ ಛಾಯೆಯನ್ನು ಮನೆಯಲ್ಲಿ ನಿಲ್ಲಿಸಿ ಹೊರಟುಹೋದಳಷ್ಟೆ. ಹೋದವರ ಸ್ಥಾನದಲ್ಲಿ ಅವರಂತೆಯೇ ಕಾಣುತ್ತ ನಿಲ್ಲುವುದೇ ಛಾಯಾಚಿತ್ರದ ಕೆಲಸವೂ ಅಲ್ಲವೆ? ಡಾಗೆರನ ವಿಧಾನವು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಪ್ರಕಟವಾದದ್ದು ೧೮೩೯ರ ಆಗಸ್ಟ್ ೧೯ರಂದು. ಅದಕ್ಕೆ ಬೇಕಾದ ಹೆಸರು ಮಾತ್ರ ನಮ್ಮ ಕೋಶದಲ್ಲಿ ಎಷ್ಟೋ ಶತಮಾನ ಮೊದಲೇ ಸಿದ್ಧವಾಗಿ ಕಾದಿತ್ತು.

ನನ್ನ ಕ್ಯಾಮರಾಕ್ಕೆ ಒಂದು ಸುರುಳಿ ಹಾಕಿದರೆ ಮೂವತ್ತಾರು ಚಿತ್ರಗಳು, ಅದಕ್ಕಿಂತ ಹೆಚ್ಚಿಲ್ಲ. ಬೆಳಕನ್ನು ಅಳೆಯುವ ಉಪಕರಣ ಅದರಲ್ಲಿಲ್ಲ, ಕಣ್ಣೇ ಅಳೆಯಬೇಕು. ಇದಕ್ಕೊಂದು ಸುಲಭ ಸೂತ್ರವುಂಟು. ಫಿಲ್ಮಿನ ವೇಗ ೧೦೦ ಆಗಿದ್ದರೆ, ಬಿರುಬಿಸಿಲಿನಲ್ಲಿ ಬೆಳಕಿನ ಕಿಂಡಿಯನ್ನು ೧೬ರಲ್ಲಿಟ್ಟು, ಒಂದು ಸೆಕೆಂಡಿನ ಸುಮಾರು ನೂರನೆಯ ಒಂದು ಪಾಲು ಹೊತ್ತು ತೆರೆಯಬೇಕು. ತೆಳುಮೋಡವಿದ್ದರೆ ಕಿಂಡಿಯನ್ನು ೧೧ಕ್ಕೆ, ಮೋಡ ದಟ್ಟವಾದರೆ ೮ಕ್ಕೆ ಹಿಗ್ಗಿಸಬೇಕು. ಸೂತ್ರವೇನೋ ಪಾಣಿನಿಯದರಂತೆ ಚಿಕ್ಕದು. ಆದರೆ ಅದನ್ನು ಅನ್ವಯಿಸುವವನು ದಿನಕ್ಕೆ ನಾಲ್ಕು ಸಲವಾದರೂ ಆಕಾಶವನ್ನು ತಲೆಯೆತ್ತಿ ನೋಡಬೇಕಾಗುತ್ತದೆ. ಮೂವತ್ತೈದು ವರ್ಷ ಕಪ್ಪು ಹಲಗೆಯನ್ನೇ ನೋಡಿದ ಕಣ್ಣಿಗೆ ಇದು ಸಣ್ಣ ಲಾಭವಲ್ಲ.

ಲಾಭವು ನೋಡುವವನಿಗೆ ಮಾತ್ರವೂ ಅಲ್ಲ. ೧೮೫೬ರಲ್ಲಿ ಮದರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ ಮೇಣ ಸವರಿದ ಕಾಗದದ ನೆಗೆಟಿವುಗಳ ಮೇಲೆ ಹಂಪೆಯ ಚಿತ್ರಗಳನ್ನು ತೆಗೆದನು. ಛಾಯಾಗ್ರಹಣ ಆತನ ವೃತ್ತಿಯಲ್ಲ. ಆದರೂ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಗೋಪುರವೊಂದಿತ್ತೆಂಬುದನ್ನು ನಾವು ಇಂದು ಕಣ್ಣಾರೆ ಕಾಣುವುದು ಆತನ ಚಿತ್ರದಲ್ಲಿ. ಆ ಗೋಪುರ ಈಗ ಇಲ್ಲ. ೧೯೮೩ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಗ್ರೀನ್‌ಲಾ ನಿಂತಿದ್ದ ಎಡೆಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದು ತಾನಾಗಿ ತಿಳಿಯುತ್ತದೆ.

ನಮ್ಮ ಬೀದಿ ಹಂಪೆಯಲ್ಲ. ಆದರೂ ಅಲ್ಲಿ ಜಗಲಿಯ ಮನೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಅವುಗಳ ಕಂಬ, ಬಾಗಿಲುವಾಡ, ಗೋಡೆಯ ಗೂಡುಗಳ ಚಿತ್ರವನ್ನು ನಾನು ತೆಗೆದಿಡುತ್ತ ಬಂದಿದ್ದೇನೆ. ಒಂದು ಮನೆ ಬಿದ್ದ ಎರಡು ವರ್ಷಗಳ ಮೇಲೆ, ಅಲ್ಲಿ ಹುಟ್ಟಿ ಬೆಳೆದು ದೂರದ ಊರಿಗೆ ಮದುವೆಯಾಗಿ ಹೋಗಿದ್ದ ವೃದ್ಧೆಯೊಬ್ಬರು ಬಂದು, ಆ ಜಗಲಿಯ ಚಿತ್ರ ಸಿಕ್ಕೀತೇ ಎಂದು ಕೇಳಿದರು. ಕೊಟ್ಟೆನು. ಅವರು ಅದನ್ನು ಬಹಳ ಹೊತ್ತು ನೋಡಿ, ಸೆರಗಿನಲ್ಲಿ ಸುತ್ತಿಕೊಂಡು ಹೋದರು. ನನ್ನ ವೃಥಾಟನವು ಅಷ್ಟರಮಟ್ಟಿಗೆ ವೃಥಾ ಆಗಲಿಲ್ಲ.

ಇನ್ನು ಕಾರಿನ ವಿಷಯ. ನನ್ನ ಸ್ನೇಹಿತರದು ೧೯೭೨ರ ಫಿಯಟ್. ಮುಂದೆ ‘ಪ್ರೀಮಿಯರ್ ಪದ್ಮಿನಿ’ ಎಂದು ಹೆಸರಾದದ್ದು ಈ ಗಾಡಿಯೇ. ೧೦೮೯ ಸಿ.ಸಿ.ಯ ನಾಲ್ಕು ಸಿಲಿಂಡರುಗಳ ಎಂಜಿನ್ನು. ಗೇರು ಬದಲಾಯಿಸುವ ಹಿಡಿಯು ನೆಲದಲ್ಲಿರದೆ ಸ್ಟಿಯರಿಂಗಿನ ಪಕ್ಕದಲ್ಲಿರುತ್ತದೆ. ಮುಂಬಯಿಯಲ್ಲಿ ಈ ಜಾತಿಯ ಟ್ಯಾಕ್ಸಿಗಳು ೨೦೨೩ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತಿ ಹೊಂದಿದವು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು ೨೦೨೧ರ ಕೇಂದ್ರ ನಿಯಮವು ಅವಕಾಶ ಮಾಡಿತು. ಅಂಥವನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸಕೂಡದು. ದುಡಿಮೆಯಿಂದ ಬಿಡುಗಡೆ, ಗೌರವ ಮಾತ್ರ ಉಳಿಕೆ. ಇದನ್ನು ಓದಿದಾಗ ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ನಕ್ಕೆವು.

ಭಾನುವಾರ ಬೆಳಗ್ಗೆ ಈ ಕಾರಿನ ಸೇವೆ ನಡೆಯುತ್ತದೆ. ಅದನ್ನು ಬಲ್ಲ ಮೆಕ್ಯಾನಿಕ್ಕು ನಮ್ಮೂರಿನಲ್ಲಿ ಈಗ ಒಬ್ಬನೇ. ಆತ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಶಬ್ದರೂಪಗಳೆಂದರೆ ಅವನಿಗೆ ಎಂದೂ ಒಲಿಯಲಿಲ್ಲ. ಆದರೆ ಎಂಜಿನ್ನಿನ ಶಬ್ದವನ್ನು ಕಿವಿಗೊಟ್ಟು ಕೇಳಿ, ಎಲ್ಲಿ ಏನು ಸಡಿಲವಾಗಿದೆಯೆಂದು ಹೇಳಬಲ್ಲ. ಒಂದು ತೂಕ ಪೆಟ್ರೋಲಿಗೆ ಸುಮಾರು ಹದಿನೈದು ತೂಕ ಗಾಳಿ ಬೆರೆಯಬೇಕೆಂದೂ, ಅದನ್ನು ಬೆರೆಸುವುದೇ ಕಾರ್ಬ್ಯುರೇಟರಿನ ಕೆಲಸವೆಂದೂ, ಚಳಿಯ ಮುಂಜಾನೆ ಚೋಕು ಎಳೆಯುವುದು ಗಾಳಿಯನ್ನು ಕಡಿಮೆಮಾಡುವುದಕ್ಕೆಂದೂ ನನಗೆ ಕಲಿಸಿದವನು ಅವನು. “ಮೇಷ್ಟ್ರೇ, ಇನ್ನೊಮ್ಮೆ ಹೇಳಿ ನೋಡೋಣ” ಎಂದು ಅವನು ಕೇಳುವಾಗ ನಾನು ವಿಧೇಯನಾಗಿ ಒಪ್ಪಿಸುತ್ತೇನೆ. ಅವನ ಇಬ್ಬರು ಮಕ್ಕಳೂ ಈ ಕೆಲಸ ಕಲಿಯಲಿಲ್ಲ. ಆದಕಾರಣ, ಅವನು ಹೇಳಿದ್ದನ್ನೆಲ್ಲ ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಬಾಯಿಂದ ಬಾಯಿಗೆ ಬಂದ ವಿದ್ಯೆ ಒಂದು ತಲೆಮಾರಿನಲ್ಲಿ ಕಡಿದುಹೋಗುವುದೆಂದರೇನೆಂಬುದು ಸಂಸ್ಕೃತ ಓದಿದವನಿಗೆ ಗೊತ್ತು.

ಹಾಗೆಂದು ಎಲ್ಲ ಹವ್ಯಾಸವೂ ಒಳ್ಳೆಯದೆಂದು ನಾನು ಹೇಳುವವನಲ್ಲ. ಕಾಮಜ ವ್ಯಸನಗಳಿಂದ ಅರ್ಥಹಾನಿ, ಧರ್ಮಹಾನಿ ಎರಡೂ ಆಗುವುವೆಂಬುದು ಮನುವಿನ ಆಕ್ಷೇಪ. ಅದೇ ನಮಗೆ ಒರೆಗಲ್ಲು. ತಿಂಗಳಿಗೊಂದೇ ಸುರುಳಿ, ಅದೂ ಮನೆಯ ಖರ್ಚು ಕಳೆದು ಉಳಿದ ಹಣದಲ್ಲಿ, ಎಂಬುದು ನನ್ನ ನಿಯಮ. ಕಾರಿನ ಲೆಕ್ಕವನ್ನು ನನ್ನ ಸ್ನೇಹಿತರು ತಮ್ಮ ಪತ್ನಿಯ ಮುಂದೆ ತೆರೆದಿಡುತ್ತಾರೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದ ದಿನ ಕ್ಯಾಮರಾ ಪೆಟ್ಟಿಗೆಯಿಂದ ಹೊರಬರದು.

ಇಷ್ಟು ಮಾತ್ರ ನಿಶ್ಚಯವಾಗಿ ಹೇಳಬಲ್ಲೆ. ಉದ್ಯೋಗದಲ್ಲಿದ್ದಾಗ ನಮ್ಮ ಮಾತನ್ನು ಕೇಳುವವರು ಬಹಳ ಮಂದಿ. ನಿವೃತ್ತಿಯ ಮರುದಿನ ಒಬ್ಬರೂ ಇರುವುದಿಲ್ಲ. ಆ ಮೌನವನ್ನು ಸೊಸೆಯ ಮೇಲೂ ಮೊಮ್ಮಕ್ಕಳ ಮೇಲೂ ಗದರಿ ತುಂಬಿಕೊಳ್ಳುವ ಮುದುಕರು ಪ್ರತಿ ಬೀದಿಯಲ್ಲಿಯೂ ಇದ್ದಾರೆ. ಕ್ಯಾಮರಾ, ಕಾರು, ಹೂದೋಟ, ಮಗ್ಗ, ಯಾವುದಾದರೂ ಆಗಲಿ. ನಮ್ಮ ಹಿಂದಿನ ಪದವಿಯನ್ನು ಲೆಕ್ಕಿಸದೆ ನಮ್ಮನ್ನು ಮತ್ತೆ ವಿದ್ಯಾರ್ಥಿಗಳನ್ನಾಗಿ ಮಾಡುವ ಒಂದು ವಿದ್ಯೆ ಅರವತ್ತರ ಮೇಲೆ ಬೇಕು. ಕಲಿಯುವುದರಲ್ಲಿ ತೊಡಗಿದವನಿಗೆ ಮನೆಯವರನ್ನು ಗದರಲು ಹೊತ್ತು ಸಿಕ್ಕುವುದಿಲ್ಲ.