ದಿನಾಂಕ ಹಾಕಿದ ಪುಸ್ತಕ

ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂತೆಂದರೆ ಹಾಸ್ಟೆಲುಗಳಲ್ಲಿ ದೀಪ ಆರುವುದು ತಡವಾಗುತ್ತದೆ. ಓದುವುದಕ್ಕಲ್ಲ, ರೆಕಾರ್ಡ್ ಪುಸ್ತಕ ಮುಗಿಸುವುದಕ್ಕೆ. ಒಬ್ಬನ ಪುಸ್ತಕ ಹತ್ತು ಜನರ ಕೈ ದಾಟುತ್ತದೆ. ಜುಲೈನಲ್ಲಿ ಮಾಡಿದ ಪ್ರಯೋಗಕ್ಕೂ ಡಿಸೆಂಬರಿನಲ್ಲಿ ಮಾಡಿದ್ದಕ್ಕೂ ಒಂದೇ ರಾತ್ರಿ, ಒಂದೇ ಪೆನ್ನಿನಲ್ಲಿ ದಿನಾಂಕ ಬೀಳುತ್ತದೆ. ಮಾರ್ಕ್ಸ್ ಬಂದರೆ ಸಾಕು ಎನ್ನುವುದು ಮಕ್ಕಳ ಲೆಕ್ಕ. ಮನೆಯವರದೂ ಹೆಚ್ಚುಕಡಿಮೆ ಅದೇ. ಆ ಸಣ್ಣ ಸಾಲಿನ ಬೆಲೆ ತಿಳಿಯಬೇಕಾದರೆ ಒಮ್ಮೆ ನ್ಯಾಯಾಲಯದ ಕಡೆ ನೋಡಬೇಕು.

ಚಳ್ಳಕೆರೆ ಶೇಂಗಾದ ಊರು, ಎಣ್ಣೆ ಗಿರಣಿಗಳ ಊರು. ಇಲ್ಲಿನ ಮೆಕ್ಯಾನಿಕ್ ಒಬ್ಬ ಶೇಂಗಾ ಸುಲಿಯುವ ಯಂತ್ರದ ಜರಡಿಯನ್ನು ಹೊಸ ರೀತಿಯಲ್ಲಿ ಮಾಡಿ, ಕಾಳು ಒಡೆಯುವುದನ್ನು ತಪ್ಪಿಸಿದ ಎಂದಿಟ್ಟುಕೊಳ್ಳಿ. ಅದಕ್ಕೆ ಪೇಟೆಂಟ್ ಕೂಡ ಪಡೆದ. ಸ್ವಲ್ಪ ದಿನದಲ್ಲೇ ಪಕ್ಕದ ಶೆಡ್ಡಿನಲ್ಲಿ ಅಂಥದೇ ಯಂತ್ರ ತಯಾರು. "ನನ್ನದನ್ನು ಕದ್ದ" ಎಂದು ಇವನು. "ಇದು ನಮ್ಮಪ್ಪನ ಕಾಲದಿಂದ ಇದ್ದದ್ದೇ" ಎಂದು ಅವನು.

ಈ ಜಗಳ ಚಳ್ಳಕೆರೆಯ ಸಿವಿಲ್ ಕೋರ್ಟಿನಲ್ಲಿ ತೀರುವಂಥದ್ದಲ್ಲ. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಇಂಥ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ಪ್ರತಿವಾದಿಯು "ಇದು ಹೊಸದೇ ಅಲ್ಲ, ಪೇಟೆಂಟನ್ನೇ ರದ್ದು ಮಾಡಿ" ಎಂದು ಪ್ರತಿದಾವೆ ಹೂಡಿದರಂತೂ ಪ್ರಕರಣ ಹೈಕೋರ್ಟಿಗೆ ಹೋಗುತ್ತದೆ. ಇದಕ್ಕೆಂದೇ ಇದ್ದ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾಗಿ, ಅದರ ಕೆಲಸ ಹೈಕೋರ್ಟುಗಳ ಹೆಗಲಿಗೆ ಬಿತ್ತು. ಅದೇ ವರ್ಷ ದೆಹಲಿ ಹೈಕೋರ್ಟು, 2023ರಲ್ಲಿ ಮದ್ರಾಸ್ ಹೈಕೋರ್ಟು ಬೌದ್ಧಿಕ ಆಸ್ತಿಗೆಂದೇ ಪ್ರತ್ಯೇಕ ವಿಭಾಗ ತೆರೆದವು.

ಕಾನೂನು ಓದಿದ ನ್ಯಾಯಾಧೀಶರಿಗೆ ಜರಡಿಯ ಕಣ್ಣಿನ ಅಳತೆ ಹೇಗೆ ತಿಳಿಯಬೇಕು? ಕಾಯ್ದೆ ಅದಕ್ಕೂ ದಾರಿ ಮಾಡಿದೆ. ನ್ಯಾಯಾಲಯ ವೈಜ್ಞಾನಿಕ ಸಲಹೆಗಾರರೊಬ್ಬರನ್ನು ನೇಮಿಸಿಕೊಳ್ಳಬಹುದು. ಆದರೆ ತೀರ್ಪು ಸಲಹೆಗಾರರದಲ್ಲ, ನ್ಯಾಯಾಧೀಶರದೇ. ಅವರು ಕೇಳುವುದು ವಿಜ್ಞಾನದ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆಗಳನ್ನೇ. ಇದು ನಿಜವಾಗಿ ಹೊಸದೇ? ಈ ಕಸುಬು ಬಲ್ಲ ಯಾರಿಗಾದರೂ ಸುಲಭವಾಗಿ ಹೊಳೆಯುವಂಥದ್ದೇ? ಅರ್ಜಿ ಹಾಕುವ ಮೊದಲು ಎಲ್ಲಾದರೂ ಪ್ರಕಟವಾಗಿತ್ತೇ, ಬಳಕೆಯಲ್ಲಿತ್ತೇ? ಉತ್ತರ ಇರುವುದು ಗಟ್ಟಿ ದನಿಯಲ್ಲಲ್ಲ, ಕಾಗದದಲ್ಲಿ.

ಎಲ್ಲ ಜಗಳವೂ ತೀರ್ಪಿನವರೆಗೆ ಹೋಗಬೇಕಿಲ್ಲ. 3 ಲಕ್ಷ ರೂಪಾಯಿ ಅಥವಾ ಹೆಚ್ಚಿನ ಮೌಲ್ಯದ ವಾಣಿಜ್ಯ ವ್ಯಾಜ್ಯದಲ್ಲಿ ತುರ್ತು ತಡೆಯಾಜ್ಞೆ ಕೇಳದಿದ್ದರೆ, ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ 2018ರಲ್ಲಿ ಸೇರಿದ ಈ ನಿಯಮ ಕಡ್ಡಾಯವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. ಮಧ್ಯಸ್ಥಗಾರರು ತಪ್ಪು ಯಾರದೆಂದು ಹೇಳುವುದಿಲ್ಲ; ನಿಮಗೆ ಬೇಕಾದದ್ದೇನು ಎಂದು ಕೇಳುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯಬೇಕು. ಪಕ್ಕದ ಶೆಡ್ಡಿನವನು ಪ್ರತಿ ಯಂತ್ರಕ್ಕೆ ಇಷ್ಟು ಹಣವೆಂದು ಕೊಟ್ಟು ತಯಾರಿಸಲಿ ಎಂಬ ಒಪ್ಪಂದವಾದರೆ ಇಬ್ಬರ ಒಲೆಯೂ ಉರಿಯುತ್ತದೆ. ಊರಿನ ಕಟ್ಟೆಯ ಪಂಚಾಯ್ತಿ ಕಂಡವರಿಗೆ ಇದು ತೀರಾ ಹೊಸದಲ್ಲ. ಆದರೆ ಪೇಟೆಂಟನ್ನು ರದ್ದು ಮಾಡುವುದು ಮಧ್ಯಸ್ಥಗಾರರ ಕೈಯಲ್ಲಿಲ್ಲ. ಅದು ಇಬ್ಬರ ವಿಷಯವಲ್ಲ, ಎಲ್ಲರದು.

ಹಳೆಯದನ್ನು ಹೊಸದೆಂದು ಯಾರಾದರೂ ಬರೆಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಅರಿಸಿನವೇ ಸಾಕ್ಷಿ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿಬಿಟ್ಟಿತು. ನಮ್ಮ ಅಜ್ಜಿಯರೆಲ್ಲ ನಕ್ಕಿರಬಹುದು, ಆದರೆ ಅಜ್ಜಿಯ ನಗು ದಾಖಲೆಯಾಗುವುದಿಲ್ಲ. ಭಾರತದ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನೂ 1953ರಲ್ಲಿ ಭಾರತೀಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿದ್ದ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಗೆದ್ದದ್ದು ಬರೆದಿಟ್ಟ ಮಾತು.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋದರೆ ಇನ್ನೊಂದು ಬಗೆಯ ಹಕ್ಕು ಕಾಣುತ್ತದೆ. ಅಲ್ಲಿನ ರೇಷ್ಮೆ ಸೀರೆ ಯಾರೋ ಒಬ್ಬರು ಕಂಡುಹಿಡಿದದ್ದಲ್ಲ. ತಲೆಮಾರುಗಳ ನೇಕಾರರ ಕೈಯಲ್ಲಿ ಬೆಳೆದದ್ದು. ಅದಕ್ಕೆ ಪೇಟೆಂಟ್ ಸಿಗದು. 2011ರಲ್ಲಿ ಸಿಕ್ಕಿದ್ದು ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ. ಪೇಟೆಂಟಿನ ಆಯುಷ್ಯ 20 ವರ್ಷ, ಆಮೇಲೆ ಅದು ಸರ್ವರ ಸ್ವತ್ತು. ಜಿಐ ಹಾಗಲ್ಲ, 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬಹುದು, ಆದರೆ ಯಾರಿಗೂ ಮಾರಲು ಬರುವುದಿಲ್ಲ. ಬೇರೆಡೆ ನೇಯ್ದದ್ದನ್ನು ಮೊಳಕಾಲ್ಮೂರು ಸೀರೆಯೆಂದು ಮಾರಿದರೆ ಅಲ್ಲೂ ಜಿಲ್ಲಾ ನ್ಯಾಯಾಲಯವೇ ಬಾಗಿಲು. ಅಲ್ಲೂ ಕೇಳುವುದು ಅದನ್ನೇ: ಎಲ್ಲಿ ನೇಯ್ದದ್ದು, ಯಾವಾಗ, ಯಾರು, ದಾಖಲೆ ಎಲ್ಲಿ? ಮಗ್ಗದ ಮುಂದೆ ಹಗಲೆಲ್ಲ ಕೂತವರಿಗೆ ಲೆಕ್ಕ ಬರೆಯಲು ಪುರುಸೊತ್ತಿಲ್ಲ. ಓದಿದ ಮಕ್ಕಳು ಮನೆಗೆ ಮಾಡಬಹುದಾದ ಉಪಕಾರ ಇದೇ.

ವಿಜ್ಞಾನ ಓದಿದರೆ ಡಾಕ್ಟರು, ಇಲ್ಲವೇ ಇಂಜಿನಿಯರು ಎಂದು ನಂಬಿರುವ ಪೋಷಕರೂ ಇದನ್ನು ಗಮನಿಸಬೇಕು. ವಿಜ್ಞಾನದ ಪದವಿ ಪಡೆದು, 21 ವರ್ಷ ತುಂಬಿದವರು ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಬಹುದು. ಮೆಕ್ಯಾನಿಕ್‌ನ ಬುದ್ಧಿಯನ್ನು ಕಾನೂನಿನ ಭಾಷೆಗೆ ತರುವವರು ಅವರೇ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನೂ ಕೊರೆದಿದ್ದಾನೆ. ಚಕ್ರವರ್ತಿಯ ಮಾತಿನ ಕೆಳಗೆ ಬರಹಗಾರನ ಹೆಸರು ಎರಡು ಸಾವಿರ ವರ್ಷ ದಾಟಿ ಉಳಿದಿದೆ. ಇಂಥ ನೆಲದ ಮಕ್ಕಳು ರೆಕಾರ್ಡ್ ಪುಸ್ತಕದಲ್ಲಿ ಇಂದು ಕಂಡದ್ದನ್ನು ಇಂದೇ ಬರೆದು, ಇಂದಿನ ದಿನಾಂಕವನ್ನೇ ಹಾಕುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.