ಅತ್ತೆಯ ಅಕ್ಷರಮಾಲೆ

ಕ್ಷರವಾಗದ್ದು, ಎಂದರೆ ನಾಶವಿಲ್ಲದ್ದು, ಅಕ್ಷರ. ಈ ವ್ಯುತ್ಪತ್ತಿಯನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳಿ ಹೊಟ್ಟೆ ಹೊರೆಯುವವನು ನಾನು. ವೈದ್ಯರ ಅಕ್ಷರಗಳಿಗೆ ಈ ಮಾತು ಸಲ್ಲದೆಂಬುದು ನನ್ನ ಸೋದರತ್ತೆಯ ಶ್ವಾಸಕೋಶದಿಂದ ತಿಳಿಯಿತು.

ಅತ್ತೆ ಬೀಡಿ ಸಿಗರೇಟು ಮುಟ್ಟಿದವರಲ್ಲ. ಮಲೆನಾಡಿನ ಅಡುಗೆಮನೆಯಲ್ಲಿ 40 ವರ್ಷ ಹಸಿ ಸೌದೆಯ ಮುಂದೆ ಕುಳಿತು ಊದುಗೊಳವೆ ಊದಿದವರು. ಆ ಹೊಗೆ ಎದೆಯೊಳಗೆ ಮನೆ ಮಾಡಿತು. 2009ರಲ್ಲಿ ಪಟ್ಟಣದ ವೈದ್ಯರು ಯಂತ್ರವೊಂದರ ಕೊಳವೆಯನ್ನು ಬಾಯಿಗಿಟ್ಟು ಊದಿಸಿದರು. “ಊದುವುದು ನನಗೆ ಹೊಸದೇನಪ್ಪ?” ಎಂದರು ಅತ್ತೆ. ಉಸಿರುನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ, ಬಲವಾಗಿ ಊದಿದ ಗಾಳಿಯಲ್ಲಿ ಹತ್ತಕ್ಕೆ ಏಳು ಪಾಲು ಮೊದಲ ಸೆಕೆಂಡಿನಲ್ಲೇ ಹೊರಬರದಿದ್ದರೆ ನಾಳ ಕಟ್ಟಿದೆಯೆಂದು ಲೆಕ್ಕ. ಈ ರೋಗಕ್ಕೆ ಸಿ.ಒ.ಪಿ.ಡಿ. ಎಂದು ಹೆಸರು. ಅತ್ತೆಯ ಮೊದಲ ಸೆಕೆಂಡಿನ ಗಾಳಿ, ಇರಬೇಕಾದದ್ದರಲ್ಲಿ ನೂರಕ್ಕೆ 42. “ಮೂರನೆಯ ಹಂತ” ಎಂದರು ವೈದ್ಯರು.

ಈ ಹಂತಗಳನ್ನು ಗೊತ್ತುಮಾಡುವುದು ‘ಗೋಲ್ಡ್’ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟ. ಅದರ ಮೊದಲ ವರದಿ ಬಂದದ್ದು 2001ರಲ್ಲಿ. 2011ರಲ್ಲಿ, ಊದಿದ ಲೆಕ್ಕವೊಂದೇ ಸಾಲದು, ಏದುಸಿರೆಷ್ಟು, ವರ್ಷದಲ್ಲಿ ರೋಗ ಎಷ್ಟು ಸಲ ಕೆರಳಿತು ಎಂಬುದೂ ಬೇಕೆಂದು ಎ, ಬಿ, ಸಿ, ಡಿ ಎಂಬ ನಾಲ್ಕು ಗುಂಪು ಮಾಡಿದರು. ಅತ್ತೆ ಡಿ ಆದರು. ಸೇದುವ ಔಷಧಕ್ಕೆ ಸ್ಟೀರಾಯ್ಡೂ ಸೇರಿತು. 2017ರಲ್ಲಿ ಊದಿದ ಲೆಕ್ಕವನ್ನು ಅಕ್ಷರದಿಂದ ಬೇರ್ಪಡಿಸಿದರು. ರೋಗ ಕೆರಳದೆ ಇದ್ದ ಅತ್ತೆ ಈಗ ಬಿ! ಎದೆಯೂ ಅದೇ, ಏದುಸಿರೂ ಅದೇ. “ಹೆಸರೇನೋ ಚಿನ್ನ, ಬಣ್ಣ ಮಾತ್ರ ನಿಲ್ಲುವುದಿಲ್ಲವಲ್ಲೋ” ಎಂದು ನಕ್ಕರು.

ನಗೆ ಬಹಳ ದಿನ ಉಳಿಯಲಿಲ್ಲ. 2018ರ ಆರಂಭದಲ್ಲಿ ವೈದ್ಯರು ಸ್ಟೀರಾಯ್ಡನ್ನು ಬಿಡಿಸಿದರು. ಕಾರಣವಿಲ್ಲದೆ ಅಲ್ಲ: ಈ ರೋಗಿಗಳಲ್ಲಿ ಅದು ನ್ಯುಮೋನಿಯಾದ ಭಯವನ್ನು ಹೆಚ್ಚಿಸುತ್ತದೆ; ಬಿ ಗುಂಪಿಗೆ ಅದು ಬೇಕಿರಲಿಲ್ಲ. ಆ ಮಳೆಗಾಲದಲ್ಲಿ ಅತ್ತೆ ಆಸ್ಪತ್ರೆ ಸೇರಿದರು. ನಾಲ್ಕು ರಾತ್ರಿ ದಿಂಬಿಗೊರಗಿ ಕುಳಿತೇ ಉಸಿರೆಳೆದರು. ಅಕ್ಷರ ಮತ್ತೆ ಡಿ ಆಯಿತು. 2019ರ ವರದಿಯಲ್ಲಿ ಹೊಸ ಮಾತೊಂದು ಬಂತು: ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿಕಣಗಳು ಮೈಕ್ರೊಲೀಟರಿಗೆ 300 ಅಥವಾ ಅದಕ್ಕೂ ಹೆಚ್ಚಿದ್ದರೆ ಸ್ಟೀರಾಯ್ಡಿನ ಪ್ರಯೋಜನ ಹೆಚ್ಚು, 100ಕ್ಕಿಂತ ಕಡಿಮೆಯಿದ್ದರೆ ಅಷ್ಟಕ್ಕಷ್ಟೆ. ಅತ್ತೆಯ ಎಣಿಕೆ 300 ದಾಟಿತ್ತು. ಬಿಟ್ಟ ಔಷಧ ಹಿಂತಿರುಗಿತು.

“ಬಿಡಿಸಿದ್ದರಿಂದಲೇ ಹೀಗಾಯಿತೆ, ಡಾಕ್ಟರೇ?” ಎಂದು ಕೇಳಿದೆ. “ಇರಬಹುದು. ಮಳೆಗಾಲದ ಸೋಂಕೂ ಇರಬಹುದು. ಇವರೊಬ್ಬರ ವಿಷಯದಲ್ಲಿ ಇದೇ ಎಂದು ಹೇಳಲಾರೆ” ಎಂದರು. ನಿಯಮದ ಮರೆಯಲ್ಲಿ ನಿಲ್ಲದೆ ಅಷ್ಟು ಹೇಳಿದ್ದರಿಂದಲೇ ಅವರಲ್ಲಿ ನನ್ನ ನಂಬಿಕೆ ಉಳಿಯಿತು.

ವ್ಯಾಕರಣದ ಮೇಷ್ಟರಿಗೆ ಇದು ಅಪರಿಚಿತ ಸಂಗತಿಯಲ್ಲ. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಷ್ಟು ಶ್ರದ್ಧೆಯಿಂದ ನಿರೂಪಿಸಿದ ಱ, ೞಗಳು ಬಳಕೆಯಿಂದ ಬಿದ್ದುಹೋದವು. ಕನ್ನಡ ನಿಂತಿತೆ? ಮಾತು ಮುಂದೆ ನಡೆಯುತ್ತದೆ, ವ್ಯಾಕರಣ ಹಿಂದೆ ಬರುತ್ತದೆ. ವೈದ್ಯರಲ್ಲಿಯೂ ಹಾಗೆಯೇ: 2023ರಲ್ಲಿ ಸಿ, ಡಿಗಳನ್ನು ಒಂದುಗೂಡಿಸಿ ಇ ಎಂದರು. ಎರಡು ಅಕ್ಷರ ಬಿದ್ದುಹೋದವು. ಆದರೆ ನಮ್ಮ ಸೂತ್ರ ತಪ್ಪಿದರೆ ಒಂದು ಅಂಕ ಹೋದೀತು. ಅವರ ಸೂತ್ರ ಬದಲಾಗುವ ಹೊತ್ತಿನಲ್ಲಿ ಯಾರೋ ಒಬ್ಬರು ದಿಂಬಿಗೊರಗಿ ಕುಳಿತಿರುತ್ತಾರೆ. ಆದ್ದರಿಂದ ಅಕ್ಷರ ಬದಲಾದಾಗ, “ಔಷಧ ಏಕೆ ಬದಲಾಯಿತು?” ಎಂದು ಕೇಳುವುದು ಮನೆಯವರ ಕೆಲಸ. ಕೇಳಿದರೆ ಒಳ್ಳೆಯ ವೈದ್ಯರು ಮುನಿಯುವುದಿಲ್ಲ.

ಇಷ್ಟೆಲ್ಲ ವರದಿಗಳಲ್ಲಿ ಬದಲಾಗದೆ ಉಳಿದ ಮಾತೂ ಉಂಟು: ಹೊಗೆಯಿಂದ ದೂರವಿರಿ. ಅಡುಗೆಗೆ ಗ್ಯಾಸು ಬಂದು ಎಷ್ಟೋ ವರ್ಷವಾಗಿದ್ದರೂ ಅತ್ತೆ ಬಚ್ಚಲೊಲೆಗೆ ಅಡಕೆಸಿಪ್ಪೆ ತುಂಬುವುದನ್ನು ಬಿಟ್ಟಿರಲಿಲ್ಲ. “ಹಂಡೆಯ ನೀರಿನ ಹಿತವೇ ಬೇರೆ” ಎಂಬ ವಾದಕ್ಕೆ ಯಾವ ತಜ್ಞರ ಕೂಟ ಉತ್ತರ ಕೊಟ್ಟೀತು? ಕಳೆದ ದೀಪಾವಳಿಗೆ ಮಾಡಿನ ಮೇಲೆ ಸೋಲಾರ್ ಹಾಕಿಸಿದೆವು. ಹಂಡೆ ಈಗ ಹಿತ್ತಲಿನಲ್ಲಿದೆ. ಅದರಲ್ಲಿ ಮಳೆನೀರು ನಿಲ್ಲುತ್ತದೆ.