ನನ್ನ ಎರಡು ದಿನದ ನಡಿಗೆ

ಸೋದರಿಯರೇ, ಹಾಲ್ಕುರಿಕೆಯ ನಮಗೆ ನಡಿಗೆ ಅಂದರೆ ತೆಂಗಿನ ತೋಟಕ್ಕೆ ಹೋಗಿ ಬರುವುದು, ಅಷ್ಟೇ. ಈ ಸಲ ದೀಪಾವಳಿ ಕಳೆದ ಮೇಲೆ ನಾದಿನಿಯ ಜೊತೆ ಕುವೆಂಪು ಅವರ ಕುಪ್ಪಳಿಗೆ ಹೊರಟೆ. “ನಡೆಯೋಕೆ ತೀರ್ಥಹಳ್ಳಿ ಸೀಮೆಗೆ ಹೋಗ್ಬೇಕೇನೆ? ನಮ್ಮ ತೋಟ ಸಾಲದಾ?” ಅಂದರು ಯಜಮಾನರು. ಮದುವೆ, ತಿಥಿ ಬಿಟ್ಟು ಇಪ್ಪತ್ತೆರಡು ವರ್ಷದಲ್ಲಿ ನಾನಾಗಿ ಎಲ್ಲಿಗೂ ಹೊರಟವಳಲ್ಲ. ಅಳುಕುತ್ತಲೇ ಹುಳಿಯವಲಕ್ಕಿ, ಕೊಬ್ಬರಿ ಚಟ್ನಿಪುಡಿ ಕಟ್ಟಿಕೊಂಡೆ.

ಮಳೆ ನಿಂತ ಮಲೆನಾಡು! ತಗ್ಗಿನಲ್ಲಿ ಅಡಿಕೆ ತೋಟ, ಮೇಲೆಲ್ಲ ಕಾಡು. ಕವಿಮನೆಯಲ್ಲಿ ಎಲ್ಲರೂ ಪುಸ್ತಕ, ಪ್ರಶಸ್ತಿ ನೋಡುತ್ತಿದ್ದರೆ ನನ್ನ ಕಣ್ಣು ಹೋದದ್ದು ಹಳೆಯ ಅಡಿಗೆ ಪಾತ್ರೆಗಳ ಮೇಲೆ. ಅಷ್ಟು ಜನಕ್ಕೆ ಬೇಯಿಸಿ ಬಡಿಸಿದ ಹೆಂಗಸರಿಗೆ ಗುಡ್ಡ ಹತ್ತಿ ಕೂರಲು ಪುರುಸೊತ್ತು ಸಿಕ್ಕಿತ್ತೇ?

ಏದುಸಿರು ಬಿಡುತ್ತಾ ಕವಿಶೈಲ ಹತ್ತಿದೆ. ಅಲ್ಲಿನ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಇವರ ಹೆಸರಿನ ಅಕ್ಷರ ಕೊರೆದಿದೆ. 1994ರಲ್ಲಿ ತೀರಿಕೊಂಡ ಕವಿಯ ಸಮಾಧಿಯೂ ಅಲ್ಲೇ. ಹೊತ್ತು ಮುಳುಗುವವರೆಗೂ ಕೂತೆ. “ಕಾಫಿ ಆಯ್ತಾ?” ಅನ್ನುವವರಿಲ್ಲ. ಯಾಕೋ ಕಣ್ಣು ತುಂಬಿತು.

ಊರಿಗೆ ಬಂದರೆ ಅನ್ನದ ಪಾತ್ರೆಯ ತಳ ಸೀದಿತ್ತು. ಆದರೆ ಯಾರೂ ಉಪವಾಸ ಇರಲಿಲ್ಲ! ಈಗ ಸಂಜೆ ಹೊತ್ತು ತೋಟಕ್ಕೆ ಹೋಗುತ್ತೇನೆ. ಗರಿ ಆರಿಸಲಿಕ್ಕಲ್ಲ, ಸುಮ್ಮನೆ ನಡೆಯಲಿಕ್ಕೆ. ನೀವೂ ಒಮ್ಮೆ ಹೊರಡಿ.